ಗವಿಗೆ ಒಂದೊಂದೇ ಮರಿ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಬೆಂಕಿ ಬೀಳುತ್ತಿತ್ತು. ಬಿದಿರಿಗೆ ಬಿದಿರು ಉಜ್ಜಿ ಕಿಡಿ ಹಾರುತ್ತಿತ್ತೋ, ಯಾರಾದರೂ ಬೀಡಿ ಎಸೆದು ಹೋಗುತ್ತಿದ್ದರೋ, ಆ ವಿಚಾರ ಈಗ ಬೇಡ ಬಿಡಿ, ಅದೇ ಒಂದು ಪುರಾಣವಾದೀತು. ಕಾಡಿನ ನಡುವೆ ಒಂದು ಕಲ್ಲಿನ ಗವಿಯಿತ್ತು. ಬೆಂಕಿ ಅದರೊಳಗೆ ಬರುತ್ತಿರಲಿಲ್ಲ. ದೊಡ್ಡ ಪ್ರಾಣಿಗಳು ಹಳ್ಳದ ಕೆಸರಿನಲ್ಲಿ ಮಲಗಿ ಜೀವ ಉಳಿಸಿಕೊಳ್ಳುತ್ತಿದ್ದವು. ಕೆಸರಿನಲ್ಲಿ ಹೂತುಹೋಗುವಷ್ಟು ಚಿಕ್ಕ ಮರಿಗಳನ್ನು ಗವಿಗೆ ಬಿಡುತ್ತಿದ್ದವು.

ಗವಿಯ ಕಾವಲು ನರಿಯದು. ಎಂಥಾ ಶಿಸ್ತುಗಾರ ಅಂತೀರಿ! ಮೊದಲು ಬಾಗಿಲ ಕಲ್ಲು ಸರಿಸಿ, "ಗವಿ ಖಾಲಿ ಇದೆ!" ಎಂದು ಕೂಗುತ್ತಿತ್ತು. ಆಮೇಲೆ ಒಂದು ಮರಿಯ ಹೆಸರು ಕರೆಯುತ್ತಿತ್ತು. ಅದನ್ನು ಒಳಗೆ ಕರೆದೊಯ್ದು, ಕಲ್ಲು ಮುಚ್ಚಿ, ಮತ್ತೆ ತೆರೆದು ಬಂದು ಇನ್ನೊಂದರ ಹೆಸರು. ಒಳಗೆ ಹೋದ ಮರಿ ಗೋಡೆಗೆ ಮುಖಮಾಡಿ ಕಣ್ಣು ಮುಚ್ಚಿ ಕೂರಬೇಕು. ತಾಯಂದಿರು ತುಸು ದೂರದ ಮತ್ತಿಮರದ ಕೆಳಗೇ ನಿಲ್ಲಬೇಕು. ಹೀಗಾಗಿ ಮರಿಗಳನ್ನೆಲ್ಲ ಒಟ್ಟಿಗೆ ಗವಿಯೊಳಗೆ ನೋಡಿದವರೇ ಇರಲಿಲ್ಲ. ಬೆಂಕಿ ಆರಿದ ಮೇಲೆ ಯಾವುದಾದರೂ ಮರಿ ಕಾಣದಿದ್ದರೆ, "ಹೊಗೆ ಕುಡಿದು ಹೋಯಿತು ತಾಯಿ, ನಾನೇ ಮಣ್ಣು ಮಾಡಿದೆ" ಎಂದು ನರಿ ಕಣ್ಣು ಒರೆಸಿಕೊಳ್ಳುತ್ತಿತ್ತು. ತಾಯಂದಿರು ಅಳುತ್ತಿದ್ದರು. ಅತ್ತು, ನರಿಗೇ ಕೈಮುಗಿದು ಹೋಗುತ್ತಿದ್ದರು.

ಮೊಲವೂ ಒಮ್ಮೆ ಹಾಗೆ ಕೈಮುಗಿದು ಬಂದಿತ್ತು. ಈ ಬೇಸಿಗೆಯಲ್ಲಿ ಅದಕ್ಕೆ ಎರಡು ಮರಿ, ತುಂಬೆ ಮತ್ತು ಗರಿಕೆ. ಬೆಂಕಿ ಬಿತ್ತು. ಗಾಳಿ ಜೋರಾಗಿತ್ತು.

"ನರಿಯಣ್ಣ, ಕಲ್ಲು ತೆಗೆದಾಗಲೇ ಎಲ್ಲ ಮರಿಗಳನ್ನೂ ಒಟ್ಟಿಗೆ ಬಿಟ್ಟುಬಿಡು. ಮೊದಲು ಖಾಲಿ ತೋರಿಸೋದು, ಆಮೇಲೆ ಒಂದೊಂದೇ ತುಂಬೋದು, ಇದೆಲ್ಲ ಯಾಕೆ?" ಎಂದಿತು ಮೊಲ.

"ಪದ್ಧತಿ ಅಂತ ಒಂದಿರುತ್ತೆ ಮೊಲದಕ್ಕ. ಸಂತೆಗೆ ನುಗ್ಗಿದ ಹಾಗೆ ನುಗ್ಗಿದರೆ ಮರಿಗಳು ಕಾಲ್ತುಳಿತಕ್ಕೆ ಸಾಯ್ತವೆ. ಆ ಪಾಪ ನೀನು ಹೊರ್ತೀಯಾ?"

ಮರದ ಕೆಳಗೇ ನಿಂತಿದ್ದ ಮುಳ್ಳುಹಂದಿ ಅಜ್ಜಿ ಗೊಣಗಿತು: "ನೀನು ಹಿಂಗೇ ಭಾಷಣ ಬಿಗೀತಾ ನಿಂತರೆ ಪದ್ಧತಿ ಜೊತೆ ನಾವೂ ಸುಟ್ಟುಹೋಗ್ತೀವಿ. ಬೇಗ ಕರಿಯೋ!"

"ತುಂಬೆ!" ಎಂದಿತು ನರಿ.

ತುಂಬೆ ಕುಣಿಯುತ್ತಾ ಹೋಯಿತು. ಕಲ್ಲು ಮುಚ್ಚಿತು. ಒಳಗೆ ಕಿರುಚಿದ ಸದ್ದು ಕೇಳಿಸಿತು, ಅರ್ಧಕ್ಕೇ ನಿಂತಿತು. ನರಿ ಮೂತಿ ನೆಕ್ಕಿಕೊಳ್ಳುತ್ತಾ ಹೊರಬಂತು. "ಕತ್ತಲು ನೋಡಿ ಹೆದರಿತು, ಅಷ್ಟೆ. ಗರಿಕೆ!"

ಮೊಲ ಗರಿಕೆಯನ್ನು ಬಿಡಲಿಲ್ಲ. "ತುಂಬೆ! ಲೋ ತುಂಬೆ! ಒಂದ್ಸಲ ಓ ಅನ್ನೋ!" ಎಂದು ಕೂಗಿತು. ಉತ್ತರ ಬರಲಿಲ್ಲ. ಮೊಲ ತಿರುಗಿ ನಿಂತಿತು. "ಎಲ್ಲರೂ ಬನ್ನಿ! ಮರಿ, ತಾಯಿ, ಎಲ್ಲರೂ ಒಂದೇ ಸಲಕ್ಕೆ!"

ನುಗ್ಗಿದರು ನೋಡಿ! ನರಿಯನ್ನೂ ತಳ್ಳಿಕೊಂಡೇ ಒಳಗೆ ಹೋದರು. ಒಂದು ಮರಿಯೂ ಕಾಲ್ತುಳಿತಕ್ಕೆ ಸಿಗಲಿಲ್ಲ. ಪಕ್ಕದಲ್ಲಿ ಅದರ ತಾಯಿಯೇ ಇತ್ತಲ್ಲ!

ಬೆಂಕಿಯ ಬೆಳಕು ಗವಿಯ ಒಳಗೆಲ್ಲ ಬಿತ್ತು. ಮೂಲೆಯಲ್ಲಿ ಪುಟ್ಟ ಪುಟ್ಟ ಮೂಳೆಗಳ ರಾಶಿ. ಅದರ ಮೇಲೆ ತುಂಬೆ ಬಿದ್ದಿತ್ತು. ಮೈ ಇನ್ನೂ ಬಿಸಿಯಾಗಿತ್ತು.

"ಹೊಗೆ... ಹೊಗೆ ಕುಡಿದು..." ಎಂದು ನರಿ ತೊದಲಿತು.

ಮುಳ್ಳುಹಂದಿ ಅಜ್ಜಿ ಒಂದು ಮೂಳೆ ಎತ್ತಿ ತಿರುಗಿಸಿ, ಅದರ ಮೇಲಿನ ಹಲ್ಲಿನ ಗುರುತು ನೋಡಿತು. "ಹುಟ್ಟಿದಾಗಿನಿಂದ ಬಿದ್ದ ಮೂಳೆ ಕಡಿದು ಹಲ್ಲು ಮಸೆದವಳು ನಾನು. ಹೊಗೆಗೆ ಹಲ್ಲಿರಲ್ಲ ಕಣೋ" ಎಂದಿತು.

ತಾಯಂದಿರು ನರಿಯ ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು. ನರಿ ಗವಿಯ ಬಾಗಿಲ ಕಡೆಗೆ ಹಿಂದೆ ಸರಿಯಿತು. ಬೆನ್ನಿಗೆ ಬೆಂಕಿಯ ಕಾವು ತಾಗಿತು. ಮುಂದೆ ಅಷ್ಟೂ ಕಣ್ಣುಗಳು. ನರಿ ಆ ಕಣ್ಣುಗಳನ್ನು ನೋಡಿತು, ತಿರುಗಿ ಬೆಂಕಿಯೊಳಗೇ ಓಡಿತು. ಸ್ವಲ್ಪ ಹೊತ್ತು ಅದರ ಊಳು ಕೇಳಿಸಿತು. ಆಮೇಲೆ ಬೆಂಕಿಯ ಸದ್ದು ಮಾತ್ರ.

ಬೂದಿ ಆರಿದ ಮೇಲೆ ತಾಯಂದಿರು ತಮ್ಮ ತಮ್ಮ ಮರಿಗಳೊಂದಿಗೆ ಹೊರಬಂದರು. ಮೊಲ ಎಲ್ಲರಿಗಿಂತ ಕೊನೆಗೆ ಬಂತು. ಗರಿಕೆ ಅದರ ಪಕ್ಕದಲ್ಲಿ ನಡೆಯುತ್ತಿತ್ತು. ತುಂಬೆ ತಾಯಿಯ ಬಾಯಲ್ಲಿತ್ತು. ಮರಿಯನ್ನು ಹೂಳಲು ಸುಡದ ನೆಲ ಎಲ್ಲೂ ಸಿಗದೆ, ಮೊಲ ಹಳ್ಳದವರೆಗೂ ನಡೆಯಿತು.

ನೀತಿ: ಒಂದೇ ಸಲಕ್ಕೆ ಒಟ್ಟಿಗೆ ತುಂಬಬಹುದಾದ್ದನ್ನು ಖಾಲಿ ಇಟ್ಟು ಒಂದೊಂದಾಗಿ ತುಂಬಬಾರದು. ಹಾಗೇ ತುಂಬಬೇಕೆಂದು ಯಾರಾದರೂ ಹಟ ಹಿಡಿದರೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಅವರು ಏನು ಮಾಡುತ್ತಾರೆಂದು ಮೊದಲು ನೋಡಬೇಕು.