ಹಾರೋ ಹುಲಗಪ್ಪ, ಸರ್ಕಸ್ಸಿನ ಪಾರೂಬಾಯಿ

ಬಹಳ ಹಿಂದಿನ ಮಾತು, ಹೊಳೆಗೆ ಇನ್ನೂ ಸೇತುವೆ ಆಗಿರಲಿಲ್ಲ. ನೀವು ಕೂತಿದ್ದೀರಲ್ಲ, ಇದೇ ಬಂಡೆಗಳ ಊರಲ್ಲಿ ಹುಲಗಪ್ಪ ಅಂತ ಒಬ್ಬ ಹರಿಗೋಲು ನಡೆಸುತ್ತಿದ್ದ. ಕೂತಲ್ಲಿ ಕೂರುವವನಲ್ಲ. ಉಣ್ಣುವುದೂ ನಿಂತೇ ಅಂತೆ. ಹರಿಗೋಲು ದಡ ಮುಟ್ಟುವ ಮೊದಲೇ ಹಾರಿಬಿಡುತ್ತಿದ್ದನಂತೆ. ಒಳಗಿದ್ದವರು ಗಿರಗಿರ ತಿರುಗುತ್ತ ಅವನನ್ನು ಬೈಯುತ್ತಿದ್ದರಂತೆ.

ಒಂದು ದಿನ ಸಿನಿಮಾದವರು ಬಂದರು. ಅವರ ಹೀರೋ ಬಂಡೆಯ ತುದಿಗೆ ಹೋಗಿ ಕೆಳಗೆ ನೋಡಿದ, ನೋಡಿದವನು ಅಲ್ಲೇ ಕೂತುಬಿಟ್ಟ. ಹುಲಗಪ್ಪ ಅವನ ಅಂಗಿ ಇಸಕೊಂಡು ತೊಟ್ಟು, ಯಾರೂ ಹೇಳುವ ಮೊದಲೇ ಹೊಳೆಗೆ ಹಾರಿದ. ಕ್ಯಾಮೆರಾ ಇನ್ನೂ ಶುರುವಾಗಿರಲಿಲ್ಲ. ಮತ್ತೆ ಹತ್ತಿ ಮತ್ತೆ ಹಾರಿದ. ಸಿನಿಮಾದವರು ಅವನನ್ನು ಕರೆದುಕೊಂಡೇ ಹೋದರು.

ಆಮೇಲೆ ಅವನು ಹಾರದ ಜಾಗ ಇಲ್ಲ ಅಂತಾರೆ. ಓಡುವ ರೈಲಿನಿಂದ ಕುದುರೆ ಮೇಲೆ ಹಾರಿದ ಅಂತ ಕೆಲವರು; ಕುದುರೆ ಸಮೇತ ರೈಲಿಗೇ ಹಾರಿದ ಅಂತ ಕೆಲವರು. ಟೆಂಟಿಗೆ ಸಿನಿಮಾ ಬಂದಾಗ ನಮ್ಮೂರವರು ಹೀರೋನ ಮುಖ ನೋಡುತ್ತಿರಲಿಲ್ಲ, ಅವನು ಬೆನ್ನು ತಿರುಗಿಸುವುದನ್ನೇ ಕಾಯುತ್ತಿದ್ದರು. ಬೆನ್ನು ಅಂದರೆ ಹುಲಗಪ್ಪ. ಹೀರೋಯಿನ್ ಬೀಳಬೇಕಾದಾಗಲೂ ಅವನೇ ಸೀರೆ ಉಟ್ಟು, ಮೀಸೆ ಮೇಲೆ ಸೆರಗು ಎಳೆದುಕೊಂಡು ಬೀಳುತ್ತಿದ್ದ.

ಹೀಗಿರುವಾಗ ಸರ್ಕಸ್ಸಿನಿಂದ ಪಾರೂಬಾಯಿ ಬಂದಳು. ಬಂದವಳೇ, "ಆ ಸೀರಿ ಇತ್ತ ಕೊಡ್ರಿ. ಇನ್ನ ಮ್ಯಾಲ ಹೆಣ್ಣಾಗಿ ಬೀಳಾಕ ನಾ ಅದೀನಿ," ಅಂದಳಂತೆ.

"ನಿನಗ ಬೀಳಾಕ ಬರ್ತದೇನು?" ಅಂದ ಇವನು.

"ನಿಮ್ಮಂಗ ಜ್ವಾಳದ ಚೀಲ ಬಿದ್ದಂಗ ಬೀಳಾಂಗಿಲ್ಲ."

ಅಲ್ಲಿಂದ ಇಬ್ಬರಿಗೂ ಜಿದ್ದು ಹತ್ತಿತು. ಅವಳು ಮಾಳಿಗೆಯಿಂದ ಹಾರಿದರೆ ಇವನು ಕೋಟೆ ಬುರುಜಿನಿಂದ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರೇ ಅಲ್ಲ; ಅವಳಿಗೆ ಇವನು 'ಮೀಸಿ', ಇವನಿಗೆ ಅವಳು 'ಸರ್ಕಸ್ಸು'. ಆದರೂ ಅವಳು ಹಾರುವ ಮುಂಚೆ ಕೆಳಗಿನ ಹುಲ್ಲು ತುಳಿದು, ಕಲ್ಲು ಮುಳ್ಳು ಆರಿಸಿ ಬರುತ್ತಿದ್ದವನು ಇವನೇ. ಅವಳು ಅದನ್ನು ಮೇಲಿನಿಂದ ನೋಡುತ್ತಿದ್ದಳು, ನೋಡದವಳಂತೆ ಇರುತ್ತಿದ್ದಳು.

ಕೊನೆಗೊಮ್ಮೆ ಇಬ್ಬರೂ ಈ ಬಂಡೆಗೇ ಬಂದರು. ಹೀರೋ ಹೀರೋಯಿನ್ ಕೈ ಹಿಡಿದು ಹೊಳೆಗೆ ಹಾರುವ ದೃಶ್ಯ. ಹೊಳೆ ಕೆಂಪಗೆ ಏರಿತ್ತು. ನೀರು ಇಳಿಯಲಿ, ಕಾಯೋಣ ಅಂದರು ಡೈರೆಕ್ಟರು. ಕಾಯುವುದು ಅವನಿಗೆ ಎಲ್ಲಿ ಬರಬೇಕು? ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡಾಡಿದ. ಆಳ ನೋಡಿ ಬರ್ತೀನಿ ಅಂದವನು ಒಬ್ಬನೇ ಹಾರಿದ. ಮೇಲೆ ಬರಲಿಲ್ಲ.

ಎಲ್ಲರೂ ನಿಂತೇ ಇದ್ದರು. ಪಾರೂಬಾಯಿ "ಹುಲಗಪ್ಪಾ" ಅಂತ ಕೂಗಿ ಹಾರಿದಳು. ನೀರಲ್ಲೂ ಕೂಗುತ್ತಲೇ ಇದ್ದಳಂತೆ. ಬಂಡೆ ಸಂದಿಯಲ್ಲಿ ಕಾಲು ಸಿಕ್ಕಿಕೊಂಡವನು ಆ ಕೂಗಿಗೆ ಒಂದು ಕೈ ಎತ್ತಿದ. ಅವಳು ಎಳೆದಳು. ತೇಲಿ ತೇಲಿ, ಕೆಳಗೆಲ್ಲೋ ಒಂದು ಜಾಲಿಮರಕ್ಕೆ ಇಬ್ಬರೂ ಆತುಕೊಂಡರು.

"ಹಾರಿದ್ದು ಹೆಂಗಿತ್ತು?" ಅಂತ ಕೇಳಿದನಂತೆ.

"ಕ್ಯಾಮೆರಾದಾಗ ಬಂದಿಲ್ಲ. ನಾ ನೋಡೀನಿ. ಸಾಕಿಲ್ಲೇನು?"

ಸಾಕು ಅಂದನಂತೆ.

ಬಂಡೆ ಸಂದಿಯಲ್ಲಿ ಸಿಕ್ಕಿ ಮುರಿದ ಕಾಲು ಸರಿಯಾಗಿ ಕೂಡಲಿಲ್ಲ. ಮದುವೆಯಾಗಿ ಇಲ್ಲೇ ಉಳಿದರು. ಆಗಲೂ ಕೂತವನಲ್ಲ, ಕುಂಟುತ್ತ ಊರೆಲ್ಲ ತಿರುಗುತ್ತಿದ್ದ, ಹಿಂದೆ ಬೈಯುತ್ತ ಅವಳು. ಇಬ್ಬರೂ ಹೋಗಿ ಎಷ್ಟು ಕಾಲವಾಯಿತೋ.

ಈಗಲೂ ನಮ್ಮೂರಲ್ಲಿ ಯಾರೇ ಹೊಳೆಗೆ ಹಾರಲಿ, ದಡದಲ್ಲಿ ಒಬ್ಬರು ನಿಂತು, ತಲೆ ನೀರಿನ ಮೇಲೆ ಬರುವ ತನಕ ಅವರ ಹೆಸರು ಕೂಗುತ್ತಲೇ ಇರಬೇಕು. ಗಂಡನ ಹೆಸರನ್ನು ಬಾಯಲ್ಲಿ ಆಡದ ಮುದುಕಿಯರೂ ಅಲ್ಲಿ ಮಾತ್ರ ಗಂಟಲೆತ್ತಿ ಕೂಗುತ್ತಾರೆ.