ಉಳಿದ ಹನ್ನೊಂದು ಬಡಿತ

“ಮೇಡಂ, ಇದರಲ್ಲಿ ನನ್ನದೇನು ತಪ್ಪು?” ಎಂದು ವಸುಧೆ ಕೇಳಿದಳು. ವಾರ್ಡಿನಲ್ಲಿ ರಕ್ತದೊತ್ತಡ ನೋಡುತ್ತಿದ್ದಾಗ ರೋಗಿಯೊಬ್ಬ ಅವಳ ಸೊಂಟಕ್ಕೆ ಕೈ ಹಾಕಿದ್ದ. ಬಿಳಿ ಕೋಟನ್ನು ಮಡಿಸಿ ಮೇಜಿನ ಮೇಲಿಟ್ಟು, ಈ ಓದು ಇನ್ನು ಸಾಕು ಎಂದು ಹೇಳಲು ಬಂದಿದ್ದಳು.

ಡಾಕ್ಟರ್ ಅಂಬುಜಾಕ್ಷಿಯವರಿಗೆ ಅಜ್ಜಿ ಮದ್ದು ಅರೆಯುತ್ತಾ ಹೇಳುತ್ತಿದ್ದ ಕತೆಯೊಂದು ನೆನಪಾಯಿತು. ಅಜ್ಜಿ ಈಗಿಲ್ಲ. ಆ ಅರೆಯುವ ಕಲ್ಲು ಯಾರ ಹಿತ್ತಲಲ್ಲಿ ಬಿದ್ದಿದೆಯೋ. ಅದರ ಸದ್ದು ಮಾತ್ರ ಕಿವಿಯಲ್ಲಿ ಉಳಿದಿತ್ತು. ಆ ಕತೆಯನ್ನೇ ಹೇಳಿದರು.

ಒಬ್ಬ ವೈದ್ಯನಿದ್ದ. ಅವನಿಗೊಬ್ಬಳು ಶಿಷ್ಯೆ. ಬೇರು ನಾರು, ಕಷಾಯ, ಲೇಪ ಎಲ್ಲವನ್ನೂ ಮನಸಾರೆ ಕಲಿಸಿದ. ನಾಡಿ ನೋಡುವುದಕ್ಕೆ ಅವನದೊಂದು ಕಟ್ಟಳೆಯಿತ್ತು: ನೂರು ಬಡಿತ ಎಣಿಸುವ ತನಕ ರೋಗಿಯ ಮಣಿಕಟ್ಟಿನಿಂದ ಬೆರಳು ತೆಗೆಯಕೂಡದು.

ಒಂದು ದಿನ ಜ್ವರವೆಂದು ಒಬ್ಬ ವರ್ತಕ ಬಂದ. ವೈದ್ಯ ಜಗಲಿಯಲ್ಲಿದ್ದ. ಶಿಷ್ಯೆ ಒಳಗೆ ಒಬ್ಬಳೇ ನಾಡಿ ನೋಡಿ, ಬಿಳುಚಿದ ಮುಖದಲ್ಲಿ ಹೊರಬಂದಳು. ವರ್ತಕನ ಇನ್ನೊಂದು ಕೈ ತನ್ನ ಮೈಮೇಲೆ ಹರಿದಾಡಿತೆಂದು ತಡವರಿಸುತ್ತಾ ಹೇಳಿದಳು.

“ಆಗಲೇ ಎದ್ದು ಬರಬಾರದಿತ್ತೇನಮ್ಮ?”

“ನೂರಕ್ಕೆ ಇನ್ನೂ ಹನ್ನೊಂದು ಉಳಿದಿತ್ತು, ಗುರುಗಳೇ.”

ವೈದ್ಯನಿಗೆ ತನ್ನ ಪಾಠದ ಬಗ್ಗೆಯೇ ನಾಚಿಕೆಯಾಯಿತು. ಬೆರಳು ಇಡುವುದನ್ನು ಕಲಿಸಿದ್ದ, ತೆಗೆಯುವುದನ್ನು ಕಲಿಸಿರಲಿಲ್ಲ. ಒಳಗೆ ಹೋಗಿ ವರ್ತಕನ ನಾಡಿಯನ್ನು ತಾನೇ ನೋಡಿ ಮದ್ದು ಕೊಟ್ಟ. ಇನ್ನು ಈ ಹುಡುಗಿಯ ಹತ್ತಿರ ಸುಳಿಯಕೂಡದು ಎಂದು ಎಲ್ಲರ ಎದುರಿಗೇ ಹೇಳಿ ಕಳಿಸಿದ.

ಮರುದಿನ ಬೆಳಗ್ಗೆ ಹೊಸ ಪಾಠ ಶುರುವಾಯಿತು. ವೈದ್ಯನ ಹೆಂಡತಿ ಗಂಡನ ರುಮಾಲು ಸುತ್ತಿಕೊಂಡು, ವರ್ತಕನಾಗಿ ಚಾಪೆಯ ಮೇಲೆ ಮಲಗಿದಳು. ಶಿಷ್ಯೆ ನಾಡಿ ಹಿಡಿದೊಡನೆ ಈಕೆ ಅವಳ ತೋಳು ಹಿಡಿದಳು. ಮೊದಲ ಸಲ ಶಿಷ್ಯೆಗೆ ನಗು ಬಂತು. ಎರಡನೆಯ ಸಲ ಅಳು ಬಂತು. ಅದೆಷ್ಟನೆಯ ಸಲವೋ, ಬೆರಳು ತೆಗೆದು ಎದ್ದು ನಿಂತು, “ಕೈ ತೆಗೆಯಿರಿ!” ಎಂದಳು. ಜಗಲಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅಂದಿನಿಂದ ಆ ಮನೆಗೆ ಯಾರೇ ಕಲಿಯಲು ಬರಲಿ, ಮೊದಲು ಆ ಪಾಠ, ನಾಡಿ ಆಮೇಲೆ.

ಕತೆ ಮುಗಿಯಿತು. “ನನ್ನ ತಪ್ಪೇನೆಂದು ನೀವು ಹೇಳಲೇ ಇಲ್ಲ, ಮೇಡಂ” ಎಂದಳು ವಸುಧೆ.

ಅಂಬುಜಾಕ್ಷಿ ಸೆರಗನ್ನು ತಲೆಗೆ ರುಮಾಲಿನಂತೆ ಸುತ್ತಿಕೊಂಡರು. ರೋಗಿಗಳನ್ನು ಪರೀಕ್ಷಿಸುವ ಮಂಚದ ಮೇಲೆ ಮಲಗಿ ಕೈ ಚಾಚಿದರು.

“ತಪ್ಪು ಅವನದು, ಆಮೇಲೆ ಈ ಪಾಠ ಹೇಳಿಕೊಡದೆ ನಿನ್ನನ್ನು ಒಬ್ಬಳೇ ಕಳಿಸಿದ ನನ್ನದು. ಕೋಟು ಹಾಕಿಕೊಂಡು ಬಾ ಮಗಳೇ, ನಾನೀಗ ವರ್ತಕ.”