ತಗಡಿನ ಮೇಲಿನ ತುಕ್ಕು

ಪೂವಯ್ಯನವರು ಯುದ್ಧಕಾಲದ ವಿಮಾನಗಳ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದರು. ಹಸಿರು ಬಣ್ಣ ಒಣಗಿದ ಮೇಲೆ ವಿಮಾನ ಹಳತಾಗಿ ಕಾಣುವಂತೆ ಮಾಡುವ ಕೆಲಸ ಒಂದು ಸಣ್ಣ ಕುಂಚದ್ದು. ನೋಡಿಕೊಂಡು ಬಣ್ಣ ಹಚ್ಚಲೆಂದು, ನಿಜವಾದ ಯುದ್ಧವಿಮಾನವೊಂದರ ತಗಡಿನ ಚೂರನ್ನು ಗುಜರಿಯಿಂದ ತಂದು ಮೇಜಿನ ಮೇಲಿಟ್ಟಿದ್ದರು.

ಅವರು ಕಾಫಿಗೆ ಒಳಗೆ ಹೋದಾಗ ಕುಂಚ ತಗಡಿನ ಮುಂದೆ ಬೀಗಿತು. "ಅಜ್ಜಾ, ನಿನ್ನ ಮೈಮೇಲಿನ ತುಕ್ಕನ್ನು ಒಂದು ಚುಕ್ಕೆಯೂ ತಪ್ಪದ ಹಾಗೆ ಈ ಪುಟ್ಟ ವಿಮಾನದ ಸೀಟಿನ ಪಕ್ಕಕ್ಕೆ ಇಳಿಸಿದ್ದೇನೆ, ನೋಡು."

"ಈಗ ನಾನೂ ಯುದ್ಧ ನೋಡಿ ಬಂದವನ ಹಾಗೆ ಕಾಣುತ್ತೇನೆ, ಅಲ್ಲವೇ?" ಎಂದಿತು ಮಾದರಿ ವಿಮಾನ.

ತಗಡು ಕುಂಚವನ್ನು ಕೇಳಿತು. "ನಾನು ಯಾವ ಲೋಹ?"

"ಅಲ್ಯೂಮಿನಿಯಂ."

"ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗೆ ಎಂದಾದರೂ ಕೆಂಪು ತುಕ್ಕು ಹಿಡಿದದ್ದು ಕಂಡಿದ್ದೀಯಾ?"

ಕುಂಚ ತಡವರಿಸಿತು. "ಇಲ್ಲ. ಹಾಗಾದರೆ ಈ ಕಲೆ?"

"ನಾನು ಪೈಲಟ್ ಸೀಟಿನ ಪಕ್ಕದ ತಗಡು. ಅವನಿಗೆ ಇಪ್ಪತ್ತೆರಡು ವರ್ಷ. ಗುಂಡು ತಗುಲಿದ ಮೇಲೂ ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ವಿಮಾನ ಇಳಿಸಿದ. ಆಮೇಲೆ ಆ ಕೈಯನ್ನು ಬೇರೆಯವರು ಬಿಡಿಸಬೇಕಾಯಿತು. ಇದು ಅವನ ರಕ್ತ."

"ಒರೆಸು! ಬೇಗ ಒರೆಸು!" ಎಂದು ಮಾದರಿ ವಿಮಾನ ಚೀರಿತು. ಬಣ್ಣ ಆಗಲೇ ಒಣಗಿಹೋಗಿತ್ತು.

ಪೂವಯ್ಯನವರು ಕಾಫಿ ಲೋಟ ಹಿಡಿದು ಬಂದು, ಬಾಗಿ ನೋಡಿದರು. "ತುಕ್ಕು ಇನ್ನೂ ಸ್ವಲ್ಪ ಬೇಕು" ಎನ್ನುತ್ತಾ ಕುಂಚವನ್ನು ಬಣ್ಣಕ್ಕೆ ಅದ್ದಿದರು.

ಕುಂಚದ ಒಂದೊಂದು ಕೂದಲೂ ಸೆಟೆದು ನಿಂತಿತ್ತು.